ಪುಢಾರಿಗೆ ಬೀಚ್ ಬಂದ್

"ರೀ ಮೇಡಂ! ನಾಯಿ ಹಿಡ್ಕೊಳ್ರೀ!"

ಹಿಡಿದುಕೊಳ್ಳಲು ನಾಯಿ ಎಲ್ಲಿದೆ? ಅವಳ ಕೈಯಲ್ಲಿ ಉಳಿದಿದ್ದದ್ದು ಬರೀ ಬೆಲ್ಟು. ಅದರ ತುದಿಯಲ್ಲಿರಬೇಕಿದ್ದ ಪುಢಾರಿ ಕುತ್ತಿಗೆ ಪಟ್ಟಿಯಿಂದ ತಲೆ ನುಣುಚಿಸಿಕೊಂಡು, ಮರಳು ಚಿಮ್ಮಿಸುತ್ತಾ, ಮಲಗಿದ್ದವರನ್ನೆಲ್ಲ ಹಾರಿಕೊಂಡು ಆಗಲೇ ಅರ್ಧ ಬೀಚು ದಾಟಿತ್ತು.

ಲೈಫ್‌ಗಾರ್ಡ್ ತನ್ನ ಎತ್ತರದ ಕುರ್ಚಿಯಿಂದ ಇನ್ನೊಮ್ಮೆ ಸೀಟಿ ಊದಿದ. ನಾಯಿ ಇನ್ನೂ ಜೋರಾಗಿ ಓಡಿತು. ಅವನು ಗಾಬರಿಯಿಂದ ಏಣಿ ಇಳಿಯುವುದಕ್ಕೂ, ಅದು ಏಣಿ ಹತ್ತಲು ನೋಡುವುದಕ್ಕೂ ಸರಿಹೋಯಿತು. ಮರುಕ್ಷಣ ಅವನು ಮರಳಿನ ಮೇಲೆ ಅಂಗಾತ! ಎದೆಯ ಮೇಲೆ ಪುಢಾರಿ! ಬಿಸಿಲಿಗೆಂದು ಮೂಗಿಗೆ ಬಳಿದುಕೊಂಡಿದ್ದ ಬಿಳಿ ಮುಲಾಮನ್ನು ಅದು ತಟ್ಟೆ ನೆಕ್ಕಿದಷ್ಟು ಶ್ರದ್ಧೆಯಿಂದ ನೆಕ್ಕುತ್ತಿತ್ತು.

ಅವಳು ಏದುಸಿರು ಬಿಡುತ್ತಾ ಓಡಿ ಬಂದಳು.

"ಕಣ್ಣು ಕಾಣಲ್ವಾ ನಿಮಗೆ? ಸೀಸನ್ ಮುಗಿಯೋ ತನಕ ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ನಾಯಿ ತರೋ ಹಾಗಿಲ್ಲ. ಅಷ್ಟು ದೊಡ್ಡ ಬೋರ್ಡ್ ಹಾಕಿದೀವಿ!"

"ಕಣ್ಣಿನ ವಿಷಯ ನನಗೆ ಹೇಳ್ಬೇಡಿ. ನಾನು ಕೆಲಸ ಮಾಡೋದೇ ಕನ್ನಡಕದ ಅಂಗಡೀಲಿ. ಬೋರ್ಡನ್ನ ಛತ್ರಿ ಬಾಡಿಗೆ ಕೊಡೋ ಗೂಡಂಗಡಿ ಹಿಂದೆ ನಿಲ್ಸಿದೀರಲ್ಲ, ಅದನ್ನ ಓದೋಕೆ ದುರ್ಬೀನು ಬೇಕು!"

"ಮೊದಲು ಇವನನ್ನ ಎಬ್ಬಿಸ್ತೀರಾ? ಉಸಿರು ಕಟ್ತಾ ಇದೆ!"

"ನೀವು ಅಲುಗಾಡ್ಬೇಡಿ. ಅಲುಗಾಡಿದ್ರೆ ಆಟ ಅಂದ್ಕೊಳ್ತಾನೆ!"

ಸುತ್ತ ಜನ ಸೇರಿ ನಗತೊಡಗಿದ್ದರು. ಬೀಚ್ ಆಫೀಸಿನ ಸೂಪರ್‌ವೈಸರ್ ಮೇಡಂ ಮಾತ್ರ ನಗಲಿಲ್ಲ. ಆಕೆ ಟೋಪಿ ಸರಿಮಾಡಿಕೊಂಡು ಬಂದು, "ಇದು ಮೊದಲನೇ ಸಲ ಅಂತ ಬಿಡ್ತಿದೀನಿ. ಇನ್ನೊಂದು ಸಲ ಆದ್ರೆ ಎಚ್ಚರಿಕೆ. ಅದಾದ್ಮೇಲೂ ಆದ್ರೆ ಈ ನಾಯಿಗೆ ಸೀಸನ್ ಪೂರ್ತಿ ಬೀಚ್ ಬಂದ್" ಎಂದರು.

ಬಂದ್! ಅದೊಂದು ಮಾತ್ರ ಆಗಕೂಡದಿತ್ತು.

ಏಕೆಂದರೆ ಪುಢಾರಿ ಅವಳ ನಾಯಿಯಲ್ಲ. ಅದು ಅವಳ ಸೋದರಮಾವನ ನಾಯಿ. ಅಪ್ಪ ಅಮ್ಮ ಇಲ್ಲದ ಅವಳನ್ನು ಸಾಕಿ, ಓದಿಸಿ, ಜಡೆ ಹೆಣೆಯುವುದನ್ನೂ ತಾನೇ ಕಲಿತು ಹೆಣೆದ ಮಾವ. ಶಾಲೆಯಲ್ಲಿ ಪಿ.ಟಿ. ಮಾಸ್ತರಾಗಿ ನಿವೃತ್ತರಾದವರು. ಅವಳು ಕೆಲಸಕ್ಕೆಂದು ಈ ಸಮುದ್ರದೂರಿಗೆ ಬಂದ ಮೇಲೆ, ಮನೆ ಬಿಕೋ ಎನ್ನುತ್ತದೆಂದು ಈ ನಾಯಿಮರಿ ತಂದು ಸಾಕಿದ್ದರು. ಎದೆಯುಬ್ಬಿಸಿ ನಡೆಯುವುದು, ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸುವುದು, ಯಾರ ಮಾತನ್ನೂ ಕೇಳದಿರುವುದು... ಇದನ್ನೆಲ್ಲ ನೋಡಿ ಪುಢಾರಿ ಎಂದು ಹೆಸರಿಟ್ಟವರೂ ಅವರೇ.

ಈಗ ಮಾವ ಸೊಂಟದ ಮೂಳೆ ಮುರಿದುಕೊಂಡು ಆಪರೇಷನ್ ಆಗಿ, ನಡಿಗೆ ಕಲಿಸುವ ಆಸ್ಪತ್ರೆಯಲ್ಲಿದ್ದರು. ಸೇರುವುದಕ್ಕೇ ಒಪ್ಪಿರಲಿಲ್ಲ. "ನಾಯೀನ ಬೇರೆ ಕಡೆ ಬಿಟ್ರೆ ಅವ್ನು ಅನ್ನ ಮುಟ್ಟಲ್ಲ ಕಣೇ. ಅವ್ನು ಉಪವಾಸ ಇದ್ದಾನೆ ಅಂತ ಗೊತ್ತಾದ ದಿನ ನಾನು ಎದ್ದು ಬಂದ್ಬಿಡ್ತೀನಿ" ಎಂದಿದ್ದರು. "ನಾನು ನೋಡ್ಕೊಳ್ತೀನಿ ಮಾವ" ಎಂದು ಕೈ ಹಿಡಿದು ಮಾತು ಕೊಟ್ಟ ಮೇಲೇ ಅವರು ಆಂಬುಲೆನ್ಸ್ ಹತ್ತಿದ್ದು.

ಮಾತು ಕೊಡುವುದು ಸುಲಭ. ದಿನಕ್ಕೊಮ್ಮೆ ಮನಸಾರೆ ಓಡದಿದ್ದರೆ ಈ ನಾಯಿ ಬಾಗಿಲಿಗೆ ಮೂತಿಯಿಟ್ಟು ಊಳಿಡುತ್ತದೆ. ಅವಳದು ಮಹಡಿಯ ಮೇಲಿನ ಒಂದು ಕೋಣೆಯ ಮನೆ. ಕೆಳಗಿರುವ ಮನೆ ಓನರಮ್ಮ, "ಇನ್ನೊಂದು ಸಲ ಊಳಿಟ್ರೆ ನಾಯೀನೂ ಬೇಡ, ನೀನೂ ಬೇಡ" ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಊರಿನಲ್ಲಿ ನಾಯಿ ಓಡುವಷ್ಟು ಜಾಗವಿರುವುದು ಬೀಚಿನಲ್ಲಿ ಮಾತ್ರ. ಬೀಚ್ ಬಂದ್ ಆದರೆ ಮನೆ ಬಂದ್. ಮನೆ ಹೋದರೆ ಮಾವ ಕಾಲೆಳೆದುಕೊಂಡು ಆಸ್ಪತ್ರೆಯಿಂದ ಹೊರಡುತ್ತಾರೆ...

"ನನ್ನ ಹಣೆಬರಹಾನೇ!" ಎಂದು ಅವಳು ನಾಯಿಯ ಮುಖ ನೋಡಿದಳು. ಪುಢಾರಿ ಮೂತಿಯ ಮೇಲಿನ ಮುಲಾಮು ಚಪ್ಪರಿಸುತ್ತಿತ್ತು.

ಆ ಸಂಜೆ ಮಾವ ಫೋನಿನಲ್ಲಿ ಕೇಳಿದರು. "ಬೀಚಿಗೆ ಕರ್ಕೊಂಡು ಹೋದ್ಯಾ? ತರಲೆ ಮಾಡಿದ್ನಾ?"

"ಇಲ್ಲ ಮಾವ. ಬಂಗಾರದಂಥ ನಾಯಿ."

* * *

ಮರುದಿನದಿಂದ ಅವಳು ನಿಯಮ ತಪ್ಪಲಿಲ್ಲ. ಅಂಗಡಿ ಮುಗಿಸಿ, ಆರರ ನಂತರವೇ, ಬಂಡೆಗಳ ಪಕ್ಕದ ಖಾಲಿ ಮೂಲೆಗೆ ಮಾತ್ರ. ಹೊಸ ಪಟ್ಟಿ, ಉದ್ದನೆಯ ಗಟ್ಟಿ ಹಗ್ಗ. ಆದರೂ ಆ ವಾರವೇ ಇನ್ನೊಮ್ಮೆ ಹಗ್ಗ ಕೈ ಜಾರಿತು. ದೂರದಲ್ಲಿ, ಅಪಾಯದ ಗಡಿ ಗುರುತಿಸುವ ಬಾವುಟ ದಾಟಿ ಈಜುತ್ತಿದ್ದ ಯಾರಿಗೋ ಲೈಫ್‌ಗಾರ್ಡ್ ಸೀಟಿ ಊದಿದ್ದ. ಪುಢಾರಿ ಹೋದ ದಾರಿಯಲ್ಲಿ ಎರಡು ಛತ್ರಿ ಉರುಳಿದವು, ಒಬ್ಬರ ಸ್ಯಾಂಡ್‌ವಿಚ್ ಕಾಣೆಯಾಯಿತು.

"ಇದೇ ಕೊನೆ" ಎಂದರು ಸೂಪರ್‌ವೈಸರ್ ಮೇಡಂ.

ಲೈಫ್‌ಗಾರ್ಡ್ ನಾಯಿಯನ್ನು ಗೋಣಿಚೀಲದ ಹಾಗೆ ಹೆಗಲಿಗೇರಿಸಿಕೊಂಡು ಅವಳ ತನಕ ನಡೆದು ಬಂದ. ಜಗಳಕ್ಕೆ ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿದವಳಂತೆ ಸಿದ್ಧಳಾಗಿದ್ದಳು. ಆದರೆ ಅವನು ಬೈಯಲಿಲ್ಲ.

"ಇಷ್ಟು ಜನ ಇರ್ತಾರೆ. ಇವ್ನು ನನ್ನ ಹತ್ರಾನೇ ಯಾಕೆ ಬರ್ತಾನೆ?"

"ನಿಮ್ಮ ಮೂಗು ರುಚಿಯಾಗಿರ್ಬೇಕು."

ಅವನು ಜೋರಾಗಿ ನಕ್ಕುಬಿಟ್ಟ. ಛೇ... ನಗುವಾಗ ಇಷ್ಟು ಚೆನ್ನಾಗಿ ಕಾಣುತ್ತಾನಾ ಈ ಮನುಷ್ಯ! ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಸಿಟ್ಟು ಯಾರ ಮೇಲೆಂದು ಮಾತ್ರ ತಿಳಿಯಲಿಲ್ಲ.

ಎರಡು ದಿನ ಕಳೆದು ಅವನು ಕನ್ನಡಕದ ಅಂಗಡಿಗೆ ಬಂದ. ಕೈಯಲ್ಲಿ ತಂಪು ಕನ್ನಡಕ. ನಾಯಿ ಬೀಳಿಸಿದ ದಿನವೇ ಅದರ ಕಡ್ಡಿ ಸಡಿಲವಾಗಿತ್ತಂತೆ. ಅವಳು ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು, ಸಾಸಿವೆಯಷ್ಟು ಸ್ಕ್ರೂ ಚಿಮಟದಲ್ಲಿ ಹಿಡಿದು ಕೂರಿಸಿದಳು.

"ಎಷ್ಟಾಯ್ತು?"

"ಏನೂ ಬೇಡ. ನಾಯಿ ಮಾಡಿದ್ದು."

ಮೂರನೇ ದಿನ ಮತ್ತೆ ಬಂದ. ಈ ಸಲ ಇನ್ನೊಂದು ಕಡೆಯ ಸ್ಕ್ರೂ. ಅದರ ಮರುದಿನ ಮೂಗಿನ ಮೇಲಿನ ಪ್ಯಾಡ್. ಅಂಗಡಿಯ ಮಾಲೀಕರು ಒಳಗಿನಿಂದಲೇ ಕೆಮ್ಮಿದರು.

"ಇದು ತಾನಾಗಿ ಬಿಚ್ಚಿಕೊಂಡಿದ್ದಲ್ಲ" ಎಂದಳು ಅವಳು ತಲೆ ಎತ್ತದೆ. "ಉಗುರಲ್ಲಿ ತಿರುಗಿಸಿದ ಗುರುತಿದೆ."

"ಹೌದಾ? ಎಂಥ ಜನ ಇರ್ತಾರೆ ನೋಡಿ!"

ನಗು ತಡೆಯಲು ಅವಳು ಕೆಳತುಟಿ ಕಚ್ಚಿಕೊಂಡಳು. ಆಮೇಲಿನ ಸಂಜೆಗಳಲ್ಲಿ ಡ್ಯೂಟಿ ಮುಗಿದ ಮೇಲೆ ಅವನು ಬಂಡೆಗಳ ಬಳಿ ಬಂದು ಕೂರತೊಡಗಿದ. ಚಳಿಗಾಲದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾನೆ, ಅಕ್ಕನ ಮನೆಯ ಹೊರಗಿನ ಕೋಣೆಯಲ್ಲಿದ್ದಾನೆ, ಸಮುದ್ರದಲ್ಲಿ ಮುಳುಗುವವರು ಕೂಗುವುದಿಲ್ಲ, ಸುಮ್ಮನಾಗಿಬಿಡುತ್ತಾರೆ... ಇಂಥವನ್ನೆಲ್ಲ ಹೇಳುತ್ತಿದ್ದ. ಅವಳು ಗ್ರಾಹಕರನ್ನು ಬೈಯುತ್ತಿದ್ದಳು, ಮನೆ ಓನರಮ್ಮನನ್ನು ಬೈಯುತ್ತಿದ್ದಳು, ನಾಯಿಯನ್ನಂತೂ ಬೈಯುತ್ತಲೇ ಇದ್ದಳು. ಮಾವನಿಗೆ ಕೊಟ್ಟ ಮಾತನ್ನೂ, ಬೀಚ್ ಬಂದ್ ಆದರೆ ಏನಾಗುತ್ತದೆ ಎಂಬುದನ್ನೂ ಹೇಳಿಕೊಂಡಿದ್ದಳು. ಅವನು ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದ.

'ನನ್ನ ಸಿಡುಕನ್ನೂ ಇಷ್ಟು ತಾಳ್ಮೆಯಿಂದ ಕೇಳುವವರು ಮಾವ ಬಿಟ್ಟರೆ ಇವನೇ' ಎಂದುಕೊಂಡ ರಾತ್ರಿ ಅವಳಿಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ.

* * *

ಆಮೇಲೆ ಏನಾಯಿತೋ! ಇದ್ದಕ್ಕಿದ್ದಂತೆ ಅವನು ಬದಲಾದ.

ಅವಳು ಬೀಚಿಗೆ ಕಾಲಿಡುತ್ತಿದ್ದಂತೆ ಕತ್ತಿನ ಸೀಟಿಯನ್ನು ಅಂಗಿಯೊಳಗೆ ಹಾಕಿಕೊಳ್ಳುತ್ತಿದ್ದ. ಮುಖ ಆ ಕಡೆ ತಿರುಗಿಸುತ್ತಿದ್ದ. ಯಾರಾದರೂ ಬಾವುಟ ದಾಟಿದರೆ ಸೀಟಿ ಊದುವ ಬದಲು ತಾನೇ ನೀರಿಗೆ ಹಾರಿ, ಎದೆಮಟ್ಟ ಇಳಿದು, ಕೈಸನ್ನೆ ಮಾಡಿ ಕರೆಯುತ್ತಿದ್ದ. ಒಂದು ಸಂಜೆಗೆ ಹತ್ತು ಸಲ ನೆನೆಯುತ್ತಿದ್ದ. ರಜೆಗೆ ಬಂದಿದ್ದ ಹುಡುಗಿಯರ ಗುಂಪೊಂದು ಮೊಣಕಾಲು ನೀರಲ್ಲಿ ನಿಂತು ಅವನನ್ನು ನೋಡಿ ಕಿಲಕಿಲ ನಗುತ್ತಿತ್ತು.

'ಓಹೋ... ಇದಾ ವಿಷಯ!' ಅವಳ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿತು.

ಒಮ್ಮೆ ಅವನೇ ಓಡುತ್ತಾ ಬಂದ. ಮೈಯಿಂದ ನೀರು ಸುರಿಯುತ್ತಿತ್ತು.

"ನೀವು ಸ್ವಲ್ಪ ದಿನ ಬಂಡೆಯ ಆ ಕಡೆ ಕೂತ್ರೆ ಒಳ್ಳೇದು. ನನ್ನ ಕುರ್ಚಿಗೆ ದೂರ..."

"ಅರ್ಥ ಆಯ್ತು."

"ಇಲ್ಲ, ಅರ್ಥ ಆಗಿಲ್ಲ. ನಿಮ್ಮ ನಾಯಿ ಇದೆಯಲ್ಲ, ಅದು..."

"ನನ್ನ ನಾಯಿಯಿಂದ ನಿಮ್ಮ ಮರ್ಯಾದೆ ಹೋಗುತ್ತೆ. ನಿಮ್ಮ ಅಭಿಮಾನಿಗಳ ಮುಂದೆ ಅದು ಬಂದು ಮೂಗು ನೆಕ್ಕಬಾರದು. ಅರ್ಥ ಆಯ್ತು ಅಂದ್ನಲ್ಲ!"

"ಅಯ್ಯೋ ದೇವ್ರೇ, ಒಂದು ನಿಮಿಷ ಕೇಳ್ರೀ..."

ಅವಳು ಕೇಳಲಿಲ್ಲ. ಮರುದಿನ ಅವನು ಅಂಗಡಿಗೆ ಬಂದಾಗ, ಒಳಗೆ ಲೆನ್ಸ್ ಉಜ್ಜುವ ಯಂತ್ರದ ಹಿಂದೆ ಕೂತು, ತಾನಿಲ್ಲವೆಂದು ಮಾಲೀಕರಿಂದ ಹೇಳಿಸಿದಳು. ಅವನು ಹೋದ ಮೇಲೆ ಅಳು ಬಂತು. ಅತ್ತಿದ್ದಕ್ಕೆ ಕೋಪ ಬಂತು. ಕೋಪ ತಲೆಗೇರಿದಾಗ ಅವಳ ಕಾಲು ಅವಳ ಮಾತು ಕೇಳುವುದಿಲ್ಲ. ನೇರ ಬೀಚ್ ಆಫೀಸಿಗೆ ಹೋಗಿ ಸೂಪರ್‌ವೈಸರ್ ಮೇಡಂ ಮುಂದೆ ನಿಂತಳು.

"ನನ್ನ ನಾಯಿಗೊಂದು ನಿಯಮ, ನಿಮ್ಮ ಲೈಫ್‌ಗಾರ್ಡ್‌ಗೆ ಇನ್ನೊಂದು ನಿಯಮಾನಾ? ಜನ ಬಾವುಟ ದಾಟಿದ್ರೆ ಆ ಮನುಷ್ಯ ಸೀಟಿನೇ ಊದಲ್ಲ. ನೀರಿಗಿಳಿದು ಹುಡುಗೀರ ಜೊತೆ ನಗ್ತಾ ನಿಂತಿರ್ತಾರೆ!"

ಸೂಪರ್‌ವೈಸರ್ ಮೇಡಂ ಮುಖ ಗಂಭೀರವಾಯಿತು. ಅದನ್ನು ನೋಡಿದ ಕೂಡಲೇ ಅವಳಿಗೆ ಬಾಯಿಗೆ ಬಂದದ್ದನ್ನು ವಾಪಸ್ ನುಂಗಬೇಕೆನಿಸಿತು. ಆದರೆ ಅಷ್ಟರಲ್ಲಿ ಆಕೆ ಫೋನ್ ಎತ್ತಿಯಾಗಿತ್ತು.

* * *

ಮಾರನೆಯ ಸಂಜೆ ಎತ್ತರದ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು.

ಅವನು ಎಲ್ಲಿ? ಅವಳ ಕಣ್ಣು ಹುಡುಕಿತು. ಬೀಚಿನ ಬಾಗಿಲಲ್ಲಿ, ಕಾಲು ತೊಳೆಯುವ ನಲ್ಲಿಗಳ ಬಳಿ, ಅವನು ಪೊರಕೆ ಹಿಡಿದು ಮರಳು ಗುಡಿಸುತ್ತಿದ್ದ. ಅವಳನ್ನು ನೋಡಿ ತಲೆ ತಗ್ಗಿಸಿದ. ಬೈದಿದ್ದರೆ ಎಷ್ಟೋ ವಾಸಿಯಿತ್ತು!

ಛತ್ರಿ ಬಾಡಿಗೆ ಕೊಡುವಾಕೆ ತಾನಾಗಿಯೇ ಹೇಳಿದಳು. "ಪಾಪ, ಯಾಕೆ ಊದ್ಲಿಲ್ಲ ಅಂದ್ರೆ ಬಾಯೇ ಬಿಡ್ಲಿಲ್ವಂತೆ. ಹೌದು, ಊದ್ಲಿಲ್ಲ, ತಪ್ಪಾಯ್ತು ಅಂದನಂತೆ. ತಿಂಗಳ ಕೊನೆಗೆ ಕೆಲಸದಿಂದಾನೇ ತೆಗೀತಾರಂತೆ."

ಅವಳು ನಿಂತಲ್ಲೇ ನಿಂತಳು. ಅಷ್ಟರಲ್ಲಿ ಹೊಸ ಲೈಫ್‌ಗಾರ್ಡ್ ಸೀಟಿ ಊದಿದ. ಎರಡು ಸಲ, ಚಿಕ್ಕದಾಗಿ. ದಡಕ್ಕೆ ಬನ್ನಿ ಎಂದು ಈಜುವವರಿಗೆ ಕೊಡುವ ಸೂಚನೆ.

ಪುಢಾರಿಯ ಕಿವಿ ನೆಟ್ಟಗಾದವು. ಮುಂದಿನದನ್ನು ಅವಳು ಮುಖದಿಂದಲೇ ಅನುಭವಿಸಿದಳು. ಹಗ್ಗ ಮುಂಗೈಗೆ ಸುತ್ತಿಕೊಂಡಿದ್ದರಿಂದ ನಾಯಿ ತಪ್ಪಿಸಿಕೊಳ್ಳಲಿಲ್ಲ, ಅವಳನ್ನೇ ಮರಳಿನ ಮೇಲೆ ದರದರ ಎಳೆಯಿತು. ಬಾಯಿ ತುಂಬ ಮರಳು. ಉಗುಳುತ್ತಾ ಎದ್ದು ಕೂತವಳ ತಲೆಯಲ್ಲಿ ಏನೋ ಹೊಳೆಯಿತು. ಮರಳು ಮೆತ್ತಿದ ಕೈಯಲ್ಲೇ ಫೋನ್ ತೆಗೆದಳು.

"ಮಾವ... ಪುಢಾರಿಗೆ ಸೀಟಿ ಕೇಳಿಸಿದ್ರೆ ಏನ್ಮಾಡ್ತಾನೆ?"

"ಎರಡು ಸಲ ಚಿಕ್ಕದಾಗಿ ಊದಿದ್ರೆ, ಎಲ್ಲಿದ್ರೂ ಓಡಿ ಬಂದು ಊದಿದವರ ಮುಂದೆ ನಿಲ್ತಾನೆ. ಮೈದಾನದಲ್ಲಿ ನಾನೇ ಕಲಿಸಿದ್ದು. ಅವ್ನಿಗೆ ಗೊತ್ತಿರೋ ವಿದ್ಯೆ ಅದೊಂದೇ!" ಮಾವನ ದನಿಯಲ್ಲಿ ಹೆಮ್ಮೆ. "ನಿನಗೆ ಹೇಳಿರ್ಲಿಲ್ವೇನೇ? ನೀನು ತರಲೆನೇ ಇಲ್ಲ ಅಂತಿದ್ದೆ, ಅದಕ್ಕೇ ನೆನಪಾಗ್ಲಿಲ್ಲ ನೋಡು."

ಅವಳ ಕಣ್ಣು ಮಂಜಾಯಿತು. ಲೈಫ್‌ಗಾರ್ಡ್‌ಗೆ ಇದು ಗೊತ್ತಾಗಿತ್ತು! ಅದಕ್ಕೇ ಸೀಟಿ ಬಚ್ಚಿಟ್ಟ. ಅದಕ್ಕೇ ದಿನಾ ನೆನೆದ. ಆಫೀಸಿನಲ್ಲಿ ಕಾರಣ ಹೇಳಿದ್ದರೆ ನಾಯಿಗೆ ಬೀಚ್ ಬಂದ್ ಆಗುತ್ತಿತ್ತು. ಅದಕ್ಕೇ ಬಾಯಿ ಬಿಡಲಿಲ್ಲ... ಮತ್ತು ಅವಳು ಅವನ ಮೇಲೆ ದೂರು ಹೇಳಿ ಬಂದಿದ್ದಳು!

ಮಾವನಿಗೆ ಎಲ್ಲವನ್ನೂ ಹೇಳಿದಳು. ಓನರಮ್ಮನ ಗದರಿಕೆ, ಎರಡು ಎಚ್ಚರಿಕೆ, ದೂರು, ಎಲ್ಲ. ಮಧ್ಯೆ ಮಧ್ಯೆ ಬಿಕ್ಕಿದಳು.

"ನಿಜ ಹೇಳಿದ್ರೆ ಪುಢಾರಿಗೆ ಇಲ್ಲಿ ಜಾಗ ಇರಲ್ಲ ಮಾವ. ನೀವು ಆಸ್ಪತ್ರೆ ಬಿಟ್ಟು ಬಂದ್ಬಿಡ್ತೀರ..."

ಆ ಕಡೆ ಮಂಚ ಕಿರುಗುಟ್ಟಿತು.

"ಬರಲ್ಲ" ಎಂದರು ಮಾವ. "ಅವ್ನು ಎರಡು ದಿನ ಉಪವಾಸ ಇದ್ರೆ ಇರ್ಲಿ, ನಾನು ಹಲ್ಲು ಕಚ್ಕೊಂಡು ಇಲ್ಲೇ ಇರ್ತೀನಿ. ನಮ್ಮ ನಾಯಿ ಸಲುವಾಗಿ ಒಬ್ಬ ಹುಡುಗನ ಹೊಟ್ಟೆ ಮೇಲೆ ಹೊಡೆಯೋಕಾಗುತ್ತೇನೇ? ಏಳು, ಹೋಗು. ಮೊದಲು ಮೂಗು ಒರೆಸ್ಕೋ."

* * *

ಸೂಪರ್‌ವೈಸರ್ ಮೇಡಂ ಎಲ್ಲವನ್ನೂ ಕೇಳಿ, ನಂಬಲಾರದೆ ಹುಬ್ಬೇರಿಸಿದರು.

"ಸೀಟಿಗೆ ಓಡಿ ಬರೋ ನಾಯಿ? ಕಥೆ ಕಟ್ಬೇಡಿ."

"ನೀವೇ ಊದಿ ನೋಡಿ ಮೇಡಂ. ಆದ್ರೆ... ಏನನ್ನಾದ್ರೂ ಗಟ್ಟಿಯಾಗಿ ಹಿಡ್ಕೊಂಡು ನಿಂತ್ಕೊಳ್ಳಿ."

ಆಕೆ ಹಿಡಿದುಕೊಳ್ಳಲಿಲ್ಲ. ಮೇಜಿನ ಖಾನೆಯಿಂದ ಸೀಟಿ ತೆಗೆದು ಎರಡು ಸಲ ಊದಿದರು. ಅಂಗಳದಲ್ಲಿ ಕಟ್ಟಿದ್ದ ಪುಢಾರಿ ಕಟ್ಟಿದ ಕುರ್ಚಿಯ ಸಮೇತ ಒಳಗೆ ಬಂತು! ಟೋಪಿ ಒಂದು ಕಡೆ, ಫೈಲು ಒಂದು ಕಡೆ. ಸೂಪರ್‌ವೈಸರ್ ಮೇಡಂ ಕಪಾಟಿಗೆ ಒರಗಿ ಕೂತಿದ್ದರು, ಮಡಿಲಲ್ಲಿ ನಾಯಿಯ ತಲೆ.

"ನಂಬಿದೆ" ಎಂದರು ಆಕೆ, ಟೋಪಿ ಹುಡುಕುತ್ತಾ. "ಅವನು ನಾಳೆಯಿಂದ ಕುರ್ಚಿಗೆ ಹೋಗ್ಲಿ. ಸೀಟಿ ಊದದೆ ಇದ್ದದ್ದು ತಪ್ಪೇ, ಅದಕ್ಕೆ ನಾನು ಬೇರೆ ಬೈತೀನಿ. ಆದ್ರೆ ನಾಯಿಗೆ ಇವತ್ತಿಂದಲೇ ಬೀಚ್ ಬಂದ್. ಇದರಲ್ಲಿ ಮಾತಿಲ್ಲ."

"ಗೊತ್ತು ಮೇಡಂ."

ಹೊರಗೆ ಬಂದಾಗ ಅವನು ಬಾಗಿಲಲ್ಲೇ ನಿಂತಿದ್ದ. ಪೊರಕೆ ಇನ್ನೂ ಕೈಯಲ್ಲಿತ್ತು. ಎಲ್ಲ ಕೇಳಿಸಿಕೊಂಡಿದ್ದ.

"ಯಾಕೆ ಹೇಳಿದ್ರಿ? ನಾನು ಹೇಗೋ ಬೇರೆ ಕೆಲಸ ಹುಡುಕ್ಕೊಳ್ತಿದ್ದೆ. ಈಗ ನಾಯಿ ಗತಿ? ನಿಮ್ಮ ಮಾವ..."

"ನೀವು ಯಾಕೆ ಹೇಳ್ಲಿಲ್ಲ?" ಅವಳ ದನಿ ಏರಿತು. "ನಾನು ಬಾಯಿಗೆ ಬಂದ ಹಾಗೆ ಅಂದಾಗ ನನ್ನ ಕೈ ಹಿಡಿದು ನಿಲ್ಸಿ ಹೇಳೋಕೆ ಏನಾಗಿತ್ತು? ಮುಳುಗೋರು ಕೂಗಲ್ಲ ಅಂತ ನನಗೆ ಪಾಠ ಮಾಡ್ತೀರಿ! ನೀವೂ ಹಾಗೇ ಸುಮ್ಮನೆ ಮುಳುಗ್ತಾ ಇದ್ರಲ್ಲ! ನನಗೆ ಹೇಗೆ ಗೊತ್ತಾಗ್ಬೇಕು?"

"ಹೇಳೋಕೆ ಬಂದ ದಿನ ನೀವು ಅಂಗಡೀಲಿ ಇರ್ಲಿಲ್ಲ. ಯಂತ್ರದ ಕೆಳಗೆ ನಿಮ್ಮ ಚಪ್ಪಲಿ ಮಾತ್ರ ಇತ್ತು."

ಅವಳ ಮುಖ ಕೆಂಪಾಯಿತು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೇ ಮಾಡಿದಳು.

"ಕ್ಷಮಿಸಿ" ಎಂದಳು. "ಆ ಹುಡುಗೀರನ್ನ ನೋಡಿ ಹೊಟ್ಟೆ ಉರೀತು. ಸೀಟಿ, ನಿಯಮ ಎಲ್ಲ ಬರೀ ನೆಪ. ನಿಮ್ಮ ಕೆಲಸಕ್ಕೆ ಕುತ್ತು ತಂದೆ."

ಅವನು ಪೊರಕೆಯನ್ನು ಗೋಡೆಗೆ ಒರಗಿಸಿದ. "ಹೊಟ್ಟೆ ಯಾಕೆ ಉರೀತು?"

"ಗೊತ್ತಿದ್ದೂ ಕೇಳ್ಬೇಡಿ. ಮೊದಲೇ ತಲೆ ಕೆಟ್ಟಿದೆ."

"ಗೊತ್ತಿಲ್ಲ. ಹೇಳಿ."

"ಇಷ್ಟ ಅದಕ್ಕೆ!" ಅವಳು ಹೆಚ್ಚುಕಡಿಮೆ ಕಿರುಚಿದಳು. "ನೀವು ನನಗೆ ಇಷ್ಟ. ಸಾಕಾ?"

ನಲ್ಲಿಯಲ್ಲಿ ಕಾಲು ತೊಳೆಯುತ್ತಿದ್ದವರು ತಿರುಗಿ ನೋಡಿದರು. ಅವನ ಮುಖದಲ್ಲಿ ಆ ಹಾಳು ನಗು ಮೆಲ್ಲಗೆ ಹರಡಿತು.

"ನದಿ ಸಮುದ್ರ ಸೇರೋ ಕಡೆ ಒಂದು ಮರಳುದಿಬ್ಬ ಇದೆ" ಎಂದ. "ಈ ಆಫೀಸಿನ ಗಡಿಯಿಂದ ಆಚೆ. ತುಂಬ ದೂರ ನಡೀಬೇಕು, ಅದಕ್ಕೇ ಯಾರೂ ಬರಲ್ಲ. ನಾಯಿಗೆ ಯಾವ ನಿಯಮಾನೂ ಇಲ್ಲ. ದಿನಾ ಡ್ಯೂಟಿ ಮುಗಿಸಿ ನಾನೂ ಬರ್ತೀನಿ."

"ಈಗಲೇ ಹೋಗ್ಬೇಕು. ಇಲ್ದಿದ್ರೆ ಮನೆಗೆ ಹೋಗಿ ಊಳಿಡುತ್ತೆ."

"ಈಗಲೇ ನಡೀರಿ. ಇವತ್ತಿನ ಗುಡಿಸೋ ಕೆಲಸ ಮುಗೀತು."

ದಾರಿ ನಿಜವಾಗಿಯೂ ದೂರವಿತ್ತು. ಮುಳ್ಳುಗಿಡಗಳ ನಡುವಿನ ಕಾಲುದಾರಿಯಲ್ಲಿ ಅವಳು ಉದ್ದಕ್ಕೂ ಗೊಣಗಿದಳು. ಚಪ್ಪಲಿಯಲ್ಲಿ ಮರಳು, ಕೂದಲಲ್ಲಿ ಮರಳು, ದಿನಾ ಇಷ್ಟು ನಡೆದರೆ ತನ್ನ ಸೊಂಟವೂ ಮುರಿದು ಮಾವನ ಪಕ್ಕದ ಮಂಚವೇ ಗತಿ. ಅವನು ಹೂಂ ಹೂಂ ಎನ್ನುತ್ತಾ ಪಕ್ಕದಲ್ಲಿ ನಡೆದ. ಮರಳುದಿಬ್ಬ ಸಿಕ್ಕಾಗ ಸೂರ್ಯ ಆಗಲೇ ನೀರಿಗೆ ತಾಗಿದ್ದ. ಅವಳು ಹಗ್ಗ ಬಿಚ್ಚಿದಳು. ಪುಢಾರಿ ಒಂದು ಕ್ಷಣ ನಂಬಲಾರದೆ ನಿಂತು, ಆಮೇಲೆ ಹುಚ್ಚೆದ್ದು ಓಡತೊಡಗಿತು. ಅವಳು ಅದರ ಫೋಟೊ ತೆಗೆದು ಮಾವನಿಗೆ ಕಳಿಸಿದಳು.

"ನನಗೆ ಕೋಪ ಬೇಗ ಬರುತ್ತೆ" ಎಂದಳು ಸಮುದ್ರ ನೋಡುತ್ತಾ. "ಹೋಗೋದು ನಿಧಾನ. ಈಗಲೇ ಹೇಳಿರ್ತೀನಿ. ಆಮೇಲೆ ಗೊತ್ತಿರ್ಲಿಲ್ಲ ಅನ್ಬಾರ್ದು."

"ನಿಧಾನಕ್ಕೇ ಹೋಗ್ಲಿ. ನನಗೇನು ಅವಸರ ಇಲ್ಲ."

"ದಿನಾ ಇಷ್ಟು ದೂರ ನಡೀಬೇಕು."

"ನಡೆಯೋಣ."

"ಮಾವ ಬಂದ ಮೇಲೆ ನಾಯೀನ ಕರ್ಕೊಂಡು ಹೋಗ್ತಾರೆ. ಆಮೇಲೆ?"

ಅವನು ಅವಳ ಮುಂಗೈ ಹಿಡಿದು ನೋಡಿದ. ಹಗ್ಗ ಎಳೆದ ಕಡೆ ಚರ್ಮ ತರಚಿ ಕೆಂಪಾಗಿತ್ತು. ಅದರ ಮೇಲೆ ಮೆಲ್ಲಗೆ ಉಫ್ ಎಂದು ಊದಿದ.

"ನಾನು ನಾಯಿಗೋಸ್ಕರ ಬಂದಿದ್ದೀನಿ ಅಂದ್ಕೊಂಡ್ರಾ?"

ಅವಳಿಗೆ ಬೈಯಲು ಏನೂ ಸಿಗಲಿಲ್ಲ. ಹುಡುಕಿದಳು, ನಿಜವಾಗಿಯೂ ಸಿಗಲಿಲ್ಲ. ಕೈ ಬಿಡಿಸಿಕೊಳ್ಳದೆ ಅವನ ಹೆಗಲಿಗೆ ಹಣೆ ಒರಗಿಸಿದಳು.

"ನಾಳೆನೂ ಬರ್ತೀಯಾ?"

ಬಹುವಚನ ಎಲ್ಲಿ ಬಿದ್ದುಹೋಯಿತೋ ಅವಳಿಗೇ ತಿಳಿಯಲಿಲ್ಲ.

"ಬರ್ತೀನಿ ಕಣೇ" ಎಂದ ಅವನು. "ಬೈಯೋಕೆ ಏನಾದ್ರೂ ಯೋಚಿಸಿಟ್ಟಿರು."